ಕೊರೆ, ಸೊರೆ, ಅರೆ ಮತ್ತು ಬೀಗಿತ್ತಿಯ ಕೋಟು

ಹೇಗೆ ಶುರು ಮಾಡಲಿ? ವಿಮಾನ ಇಳಿಯುವಲ್ಲಿಂದ ಶುರು ಮಾಡಿದೆ. ಅರ್ಧ ಪುಟಕ್ಕೆ ನನಗೇ ಆಕಳಿಕೆ ಬಂತು, ಹರಿದೆ. ಮದುವೆಯಿಂದ ಶುರು ಮಾಡೋಣವೆಂದರೆ ಆ ಮದುವೆಗೆ ಹುಡುಗನ ತಾಯಿಯೇ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಕಥೆ ಅಂತ ನಾನು ಬೀಗುತ್ತಿದ್ದೆ.

"ಅದೆಲ್ಲ ಬೇಡ," ಎಂದರು ಟೈಲರಮ್ಮ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ಕತ್ತರಿಯಿಂದ ಶುರು ಮಾಡಿ."

೧. (ಸರಿ, ಮತ್ತೆ ಮೊದಲಿನಿಂದ.)

ಟೈಲರಮ್ಮನಿಗೆ ಐವತ್ತೊಂಬತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ ಹಾಕುವುದು ಕೆಲಸ. ಒಬ್ಬಳೇ ಮಗಳು. ಅವಳು ಜಪಾನೀ ಹುಡುಗನ ಕೈ ಹಿಡಿದಳು. ಅವನೋ ಬಾಯಿ ತುಂಬ "ಅತ್ತೆ" ಅನ್ನುತ್ತಾನೆ, ಕನ್ನಡದಲ್ಲೇ ಜಗಳವಾಡುತ್ತಾನೆ. ಮದುವೆಯಾಗಿ ಎರಡು ವರ್ಷಕ್ಕೆ ಅವನ ತಾಯಿ ಎಂಟು ದಿನ ಇರಲು ಬರುತ್ತೇನೆಂದರು. ಮಗಳ ಮುಖ ಸಪ್ಪಗಾಯಿತು.

"ನನ್ನ ಕಂಡ್ರೆ ಅವರಿಗೆ ಆಗಲ್ಲಮ್ಮ. ಫೋನಲ್ಲೂ ನನ್ನ ಹತ್ರ ಎರಡು ಮಾತಾಡಿಲ್ಲ."

"ಹಾಗಾದ್ರೆ ನಾನು ಮಾತಾಡ್ತೀನಿ ಬಿಡು," ಎಂದು ಟೈಲರಮ್ಮ ನೋಟ್‌ಬುಕ್ ಹಿಡಿದು ಅಳಿಯನ ಮುಂದೆ ಕೂತರು.

೨.

ಅಳಿಯ ಜಪಾನಿ ಪಾಠ ಶುರು ಮಾಡಿದ: ನನ್ನ ಹತ್ತಿರ ಇರುವುದು ಕೊರೆ. ಎದುರಿನವರ ಹತ್ತಿರ ಇರುವುದು ಸೊರೆ. ಇಬ್ಬರಿಗೂ ದೂರ ಇರುವುದು ಅರೆ.

"ಕೊರೆ ಅಂದ್ರೆ ತೂತು ಮಾಡೋದು, ಸೊರೆ ಅಂದ್ರೆ ಸೋರೆಕಾಯಿ, ಅರೆ ಅಂದ್ರೆ ರುಬ್ಬೋದು. ಇದೇನು ಭಾಷೆಯೋ ಅಡುಗೆಮನೆಯೋ?"

"ಅತ್ತೆ, ಕತ್ತರಿ ತೋರಿಸಿ ಹೇಳಿ."

"ಕೊರೆ ವ ಹಸಾಮಿ ದೆಸ್." ಇದು ಕತ್ತರಿ.

ಅಳಿಯ ಕತ್ತರಿ ಕಿತ್ತುಕೊಂಡ. "ಈಗ?"

"ಈಗಲೂ ಹಸಾಮಿನೇ. ನಿಮ್ಮ ಕೈಗೆ ಬಂದ್ರೆ ಸೌಟಾಗುತ್ತಾ?"

"ಕತ್ತರಿ ಕತ್ತರಿನೇ. ಆದ್ರೆ ಕೊರೆ ಹೋಗಿ ಸೊರೆ ಆಯ್ತು."

ಆಮೇಲೆ ಬಣ್ಣನೆ. ಅಕಾಯ್ ಎಂದರೆ ಕೆಂಪು, ಅತರಶೀ ಹೊಸದು, ಫುರುಯ್ ಹಳೆಯದು. ಒಂದು ತಿಂಗಳು ಟೈಲರಮ್ಮ ಇಸ್ತ್ರಿಪೆಟ್ಟಿಗೆಗೆ, ಗುಂಡಿ ಡಬ್ಬಿಗೆ ಬೆರಳು ತೋರಿಸಿ ಕೂಗಿದರು. ಅಂಚೆಯವನ ಚೀಲಕ್ಕೂ "ಸೊರೆ ವ ಅಕಾಯ್ ದೆಸ್" ಎಂದಾಗ ಅವನು, "ಮೈಯಲ್ಲಿ ಹುಷಾರಿದೆ ತಾನೇ ಅಮ್ಮ?" ಎಂದ.

೩.

ಬೀಗಿತ್ತಿ ಬಂದರು. ಮೂವತ್ತು ವರ್ಷ ರೈಲು ಓಡಿಸಿ ನಿವೃತ್ತರಾದವರು. ನೆಟ್ಟಗಿನ ಬೆನ್ನು, ಕತ್ತರಿಸಿದ ಕೂದಲು, ಮೊಣಕಾಲವರೆಗಿನ ನೀಲಿ ಕೋಟು. ಮರುದಿನ ಮಗಳು, ಅಳಿಯ ಕೆಲಸಕ್ಕೆ ಹೋದರು. ಅಂಗಡಿಯಲ್ಲಿ ಇಬ್ಬರೇ ಅಮ್ಮಂದಿರು. ಗಡಿಯಾರದ ಟಿಕ್ ಟಿಕ್ ಕೂಡ ಮುಜುಗರಪಡುತ್ತಿತ್ತು.

ಕೋಟು ಹೊಸದರ ಹಾಗಿದೆ ಎಂದು ಹೊಗಳೋಣವೆಂದು ಟೈಲರಮ್ಮ ಬೆರಳು ಚಾಚಿದರು. ಜೋಡಿ ಪದಗಳು ತಲೆಯಲ್ಲಿ ಅದಲುಬದಲಾದವು. "ಸೊರೆ ವ ಫುರುಯ್ ದೆಸ್!"

ಅದು ಹಳೆಯದು.

(ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮೊದಲ ಕರಡಿನಲ್ಲಿ ಬೀಗಿತ್ತಿ ಕಣ್ಣೀರಿಟ್ಟರು. ಎರಡನೆಯದರಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಹೊರಟೇಬಿಟ್ಟರು. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. "ರೀ ಕಥೆಗಾರ್ರೇ," ಟೈಲರಮ್ಮ ಗದರಿದರು, "ನಿಮಗೆ ಕ್ಲೈಮ್ಯಾಕ್ಸ್ ಬೇಕೂಂತ ನಮ್ಮ ಬೀಗಿತ್ತೀನ ಬೀದಿಗೆ ತಳ್ತೀರಾ? ನಡೆದದ್ದು ಬರೀರಿ.")

ನಡೆದದ್ದು: ಟೈಲರಮ್ಮನಿಗೆ ತಪ್ಪು ಹೊಳೆದು ಕಿವಿಯವರೆಗೂ ಬಿಸಿಯೇರಿತು. ಬೀಗಿತ್ತಿ ಎದ್ದು, ಕೋಟು ಬಿಚ್ಚಿ, ಒಳಮಗ್ಗುಲು ಮೇಲೆ ಮಾಡಿ ಮೇಜಿನ ಮೇಲೆ ಹರಡಿದರು. ಲೈನಿಂಗ್ ಕಂಕುಳಿಂದ ಸೊಂಟದವರೆಗೆ ಚಿಂದಿಯಾಗಿತ್ತು.

"ಹಾಯ್. ಫುರುಯ್ ದೆಸ್," ಹೌದು, ಹಳೆಯದೇ ಎಂದು ಗಂಭೀರವಾಗಿ ಒಪ್ಪಿಕೊಂಡು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

೪.

ಟೈಲರಮ್ಮ ನೀಲಿ ಬಟ್ಟೆ ಎತ್ತಿ "ಕೊರೆ?" ಎಂದರು. ಬೇಡ. ಕಂದು? ಅದೂ ಬೇಡ. ಬೀಗಿತ್ತಿಯ ಬೆರಳು ಮೇಲಿನ ಕಪಾಟಿಗೆ ಹೋಯಿತು. "ಅರೆ!" ಅಲ್ಲಿತ್ತು, ಯಾರೋ ಒಯ್ಯದೆ ಬಿಟ್ಟ ಸ್ಯಾಟಿನ್. "ಅಕಾಯ್!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಪ್ರತಿ ಹೊಲಿಗೆ ಮುಗಿದಾಗಲೂ ಬೀಗಿತ್ತಿ ನೆಟ್ಟಗೆ ನಿಂತು, ತೋಳು ಚಾಚಿ, ಬೆರಳು ತೋರಿಸಿ "ಯೋಶಿ!" ಎನ್ನುತ್ತಿದ್ದರು. ಎಲ್ಲ ಸರಿಯಿದೆ ಎಂದು ಸಿಗ್ನಲ್ಲಿಗೆ ಬೆರಳು ತೋರಿಸಿ ಕೂಗುವುದು ಅವರ ಕೆಲಸದ ರೂಢಿಯಂತೆ. ಸಂಜೆ ಮಗಳು ಒಳಗೆ ಕಾಲಿಟ್ಟಾಗ ಇಬ್ಬರೂ ಫ್ಯಾನಿಗೆ, ಬಲ್ಬಿಗೆ, ಕಿಟಕಿಗೆ ಬೆರಳು ತೋರಿಸಿ "ಯೋಶಿ!" ಅನ್ನುತ್ತಿದ್ದರು. ಮಗಳು ಬಾಗಿಲಲ್ಲೇ ಕಲ್ಲಾದಳು.

ಬೀಗಿತ್ತಿ ಅವಳೆದುರು ಕೋಟು ತೆರೆದು ತೋರಿಸಿದರು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಓದಿದರು, ಕನ್ನಡದಲ್ಲಿ:

"ಇದು ಕೆಂಪು. ಇದು ಹೊಸದು. ಸೊಸೆ... ಒಳ್ಳೇದು."

"ಒಳ್ಳೇದಲ್ಲ ಅತ್ತೆ, ಒಳ್ಳೆಯವಳು," ಎಂದು ತಿದ್ದಲು ಹೋದ ಮಗಳಿಗೆ ನಗುವೂ ಅಳುವೂ ಒಟ್ಟಿಗೆ ಬಂದುಬಿಟ್ಟವು. ಆ ನೋಟ್‌ಬುಕ್ಕಿನ ಅಂಚುಗಳು ಸವೆದು ದುಂಡಗಾಗಿದ್ದವು. ಒಂದೆರಡು ತಿಂಗಳಲ್ಲಿ ಹಾಗೆ ಸವೆಯುವುದಿಲ್ಲ.

೫. (ಮುಕ್ತಾಯ ಎಂದು ಬರೆದು ಹೊಡೆದುಹಾಕಿದ್ದೇನೆ.)

ಮದುವೆಗೆ ಬಾರದ್ದಕ್ಕೆ ನನ್ನ ಬಳಿ ಮೂರು ಕಾರಣ ಸಿದ್ಧವಿದ್ದವು: ಕೋಪ, ಕಾಯಿಲೆ, ಮಾತು ಬಾರದ ಭಯ. ಓದುಗರೇ, ಬೇಕಾದ್ದು ಆರಿಸಿಕೊಳ್ಳಿ. ನಾನಂತೂ ಟೈಲರಮ್ಮನನ್ನೇ ಕೇಳಿದೆ.

"ಯಾಕೆ ಬರಲಿಲ್ಲ ಅಂತ ನೀವು ಕೇಳಲೇ ಇಲ್ವಾ?"

"ಹೇಗ್ರೀ ಕೇಳಲಿ? ಅದಕ್ಕೆ ಭೂತಕಾಲ ಬೇಕು. ಅದು ಆರನೇ ಪಾಠ. ನಾನಿನ್ನೂ ಎರಡರಲ್ಲಿದ್ದೀನಿ."

"ಆರಕ್ಕೆ ಯಾವಾಗ ಬರ್ತೀರಿ?"

"ಏನವಸರ? ಅವರು ಟಿಕೆಟ್ಟೇ ಮುಂದಕ್ಕೆ ಹಾಕ್ಸಿದಾರೆ."

ಅಷ್ಟರಲ್ಲಿ ಒಳಗಿನಿಂದ ಬೀಗಿತ್ತಿ ಏನೋ ಕೂಗಿದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಟೈಲರಮ್ಮನಿಗೂ ಅರ್ಥವಾದಂತೆ ಕಾಣಲಿಲ್ಲ. ಆದರೂ "ಬಂದೇ" ಎಂದು ಎದ್ದು ಹೋದರು.