ಸರಕು ಹೋದ ಊರಿನ ತೆರಿಗೆ

ಅಂಗಡಿ ಇದ್ದ ಕಾಲದಲ್ಲಿ ಬುಗುರಿ ಮಾಮನಿಗೆ ಎರಡು ಕಸುಬು. ಲೇತಿನಲ್ಲಿ ಮರ ಕಡೆದು ಬುಗುರಿ ಮಾಡುವುದು ಒಂದು, ಕೊಳ್ಳಲು ಬಂದವರನ್ನು ಕೂರಿಸಿಕೊಂಡು ಹರಟೆ ಹೊಡೆಯುವುದು ಇನ್ನೊಂದು. ಎರಡನೆಯದರಲ್ಲೇ ಕೈ ಹೆಚ್ಚು ಪಳಗಿದೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆಮೇಲೆ ಹೆಂಡತಿ ತೀರಿಕೊಂಡಳು, ಬಾಡಿಗೆ ಏರಿತು, ಅಂಗಡಿ ಮುಚ್ಚಿತು. ಲೇತು ಮನೆಯ ಹಿಂದಿನ ಕೋಣೆ ಸೇರಿತು. ಸೋದರಳಿಯ ಬಂದು ಆನ್‌ಲೈನ್‌ನಲ್ಲಿ ಒಂದು ಪುಟ ಮಾಡಿಕೊಟ್ಟು, "ಇನ್ಮೇಲೆ ದೇಶವೆಲ್ಲಾ ನಿಮ್ಮ ಅಂಗಡಿನೇ ಮಾಮ" ಎಂದು ಹೇಳಿ ಹೋದ.

ಅವನ ಮಾತು ಸುಳ್ಳಾಗಲಿಲ್ಲ. ಮಾಮ ಹೆಸರೇ ಕೇಳದ ಊರುಗಳಿಗೆಲ್ಲ ಬುಗುರಿ ಹೋದವು. ಆದರೆ ಕೊಂಡವರ ಮುಖ ಮಾತ್ರ ಕಾಣಲಿಲ್ಲ. ಚೌಕಾಸಿ ಇಲ್ಲ, ನೆಟ್ಟಗೆ ತಿರುಗುವುದಿಲ್ಲ ಎಂದು ಜಗಳಕ್ಕೆ ಬರುವವರೂ ಇಲ್ಲ. ಪಾರ್ಸೆಲ್ ಕಟ್ಟಿ ಬೀದಿ ಕೊನೆಯ ಕೊರಿಯರ್ ಅಂಗಡಿಗೆ ಕೊಟ್ಟು ಬಂದರೆ ಮುಗಿಯಿತು. ಮನೆ ಬಾಗಿಲಿಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಹೀಗಿರುವಾಗ ತೆರಿಗೆ ಇಲಾಖೆಯಿಂದ ಪತ್ರ ಬಂತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮಾಮನಿಗೋ, ಸದ್ಯ, ಯಾರೋ ವಿಚಾರಿಸಿಕೊಂಡರಲ್ಲ ಎಂದು ಒಳಗೊಳಗೇ ಖುಷಿ!

ಪತ್ರ ಹಿಡಿದು ತೆರಿಗೆ ಸಲಹೆಗಾರ್ತಿಯೊಬ್ಬಳ ಬಳಿ ಹೋದರು. ಅವಳ ಕಚೇರಿ ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಎರಡು ಕುರ್ಚಿ, ಒಂದು ಕಂಪ್ಯೂಟರು, ಕಿರುಗುಟ್ಟುವ ಫ್ಯಾನು. ಅವಳಿಗೆ ಮಗಳ ವಯಸ್ಸು, ಭೂಮಿತೂಕದ ತಾಳ್ಮೆ.

"ನೋಡಿ ಮಾಮ, ಆನ್‌ಲೈನ್‌ನ ದೊಡ್ಡ ಮಾರಾಟ ತಾಣದಲ್ಲಿ ಮಾರಿದ್ದಕ್ಕೆ ಅವರೇ ತೆರಿಗೆ ಹಿಡ್ಕೊಂಡು ಕಟ್ತಾರೆ. ನಿಮ್ಮ ಸ್ವಂತ ಪುಟದಲ್ಲಿ ಮಾರಿದ್ದಕ್ಕೆ ನೀವೇ ವಸೂಲಿ ಮಾಡಿ ಕಟ್ಬೇಕು. ಅದು ನಿಮ್ಮ ದುಡ್ಡಲ್ಲ, ನಿಮ್ಮ ಹತ್ರ ನಾಲ್ಕು ದಿನ ಇರುತ್ತೆ ಅಷ್ಟೆ."

"ಊರೂರಿಗೂ ದರ ಬೇರೆ ಅಂತಾರಲ್ಲ, ಯಾವ ಊರಿಂದು ಹಾಕ್ಲಿ? ನಮ್ಮೂರಿಂದೋ, ಕೊಂಡವ್ರದೋ?"

"ಸರಕು ಯಾರ ಮನೆ ಬಾಗಿಲಿಗೆ ಹೋಗುತ್ತೋ ಆ ಊರಿಂದು."

"ಏನೂ ಮಾರಾಟ ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂತಾದ್ರೂ ತಿಳಿಸ್ಬೇಕು. ಸುಮ್ನಿರೋ ಹಾಗಿಲ್ಲ."

ಈ ಕೊನೆಯ ಮಾತು ಮಾಮನಿಗೆ ಬಹಳ ಹಿಡಿಸಿತು. ಏನೂ ಇಲ್ಲದಿದ್ದರೂ ಬಂದು ಹೇಳು ಎನ್ನುವವರು ಈ ಲೋಕದಲ್ಲಿ ಇನ್ನು ಯಾರಿದ್ದಾರೆ?

ಪ್ರತಿ ತಿಂಗಳೂ ಹೋಗತೊಡಗಿದರು. ಕೆಲವೇ ತಿಂಗಳಲ್ಲಿ ಆ ನಿಯಮಗಳನ್ನೆಲ್ಲ ಅರೆದು ಕುಡಿದಿದ್ದರು. ಲೇತಿನ ಮುಂದೆ ನಿಂತಾಗ ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದರು. ಅವಳೆದುರು ಕೂತರೆ ಮಾತ್ರ ಏನೂ ಅರಿಯದ ಮುಖ. ಅವಳು ಮೊದಲಿನಿಂದ ವಿವರಿಸುವಳು. ಮಾತು ಅವಳ ತಾಯಿಯ ಮಂಡಿನೋವಿಗೆ ಹೊರಳುವುದು, ಫ್ಯಾನಿಗೆ ಎಣ್ಣೆ ಬಿಡುವ ಬಗೆಗೆ ಹೊರಳುವುದು. ಮಾಮ ಮನೆಗೆ ಬಂದು ಆ ಮಾತುಗಳನ್ನೇ ಮೆಲುಕು ಹಾಕುತ್ತ ಒಬ್ಬರೇ ಉಣ್ಣುತ್ತಿದ್ದರು.

ಒಮ್ಮೆ ಅವಳೇ ಅಂದಳು, "ಎಲ್ಲಾ ಸರಿಯಾಗೇ ತುಂಬ್ತಿದೀರಲ್ಲ ಮಾಮ! ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೆ ಮನೇಲೇ ಮಾಡ್ಕೊಳ್ಳಿ, ಸುಮ್ನೆ ನನಗ್ಯಾಕೆ ಫೀಸು?"

ಮಾಮ ತುಂಬಿದ ಹಾಳೆಗಳನ್ನು ಬೇಗಬೇಗ ಮಡಚಿ ಚೀಲಕ್ಕೆ ಹಾಕಿಕೊಂಡರು.

ಮುಂದಿನ ಸಲ ಬೇಕೆಂದೇ ಎಲ್ಲ ಪಾರ್ಸೆಲ್ಲಿಗೂ ತಮ್ಮೂರಿನ ದರವನ್ನೇ ಹಾಕಿಕೊಂಡು ಹೋದರು. ಒಂದು ಬುಗುರಿಯನ್ನೂ ಸೊಟ್ಟ ಕಡೆಯದ ಕೈ ಅದು. ನಾಚಿಕೆಯಾಯಿತು. ಆದರೂ ಮೆಟ್ಟಿಲು ಹತ್ತುವಾಗ ಮಂಡಿ ಹಗುರಾಗಿತ್ತು.

ಅವಳು ನೋಡಿದಳು, ಬೈಯಲಿಲ್ಲ. "ತಪ್ಪು ನಂದೇ ಮಾಮ. ಈ ವಯಸ್ಸಲ್ಲಿ ನಿಮಗೆ ಇಷ್ಟು ತಲೆನೋವು ಕೊಡ್ಬಾರ್ದಿತ್ತು" ಎಂದು ಅಲ್ಲೇ ಅವರ ಪುಟಕ್ಕೆ ಒಂದು ಸಾಫ್ಟ್‌ವೇರ್ ಜೋಡಿಸಿದಳು. "ಇನ್ಮೇಲೆ ಇದೇ ಊರು ನೋಡಿ ದರ ಹಾಕುತ್ತೆ, ಇದೇ ಕಟ್ಟುತ್ತೆ. ನೀವು ಮೆಟ್ಟಿಲು ಹತ್ತೋದೇ ಬೇಡ."

"ಯಾವೂರಿನ ದರ ಅಂತ ನನಗೆ ಗೊತ್ತಿತ್ತಮ್ಮ" ಎಂದರು ಮಾಮ.

"ಗೊತ್ತಿದ್ರೆ ಇನ್ನೂ ಒಳ್ಳೇದಾಯ್ತಲ್ಲ!" ಎಂದು ನಕ್ಕು ಅವಳು ಫೋನು ಎತ್ತಿಕೊಂಡಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗೊತ್ತಿದ್ದರೂ ಬರಬೇಕಾಗಿಲ್ಲ, ಗೊತ್ತಿಲ್ಲದಿದ್ದರೂ ಬರಬೇಕಾಗಿಲ್ಲ.

ಎಷ್ಟೋ ದಿನ ಲೇತು ತಿರುಗಲಿಲ್ಲ. ಆಮೇಲೊಂದು ಬೆಳಿಗ್ಗೆ ಮಾಮ ತಮ್ಮ ಪುಟವನ್ನು ತೆರೆದು, ಒಂದು ಕೆಂಪು ಬುಗುರಿ ಆರಿಸಿ, ತಮ್ಮದೇ ವಿಳಾಸ ತುಂಬಿದರು. ಸಾಫ್ಟ್‌ವೇರು ಊರು ನೋಡಿ ದರ ಹಾಕಿತು. ದುಡ್ಡು ಕಟ್ಟಿದರು, ಬುಗುರಿ ಕಟ್ಟಿದರು, ಕೊರಿಯರ್ ಅಂಗಡಿಗೆ ಕೊಟ್ಟು ಬಂದು ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತರು.

ಕೊರಿಯರ್‌ನವನು ಮಾರನೆಯ ದಿನ ಬಾಗಿಲು ಬಡಿದ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನ್ ಯಜಮಾನ್ರೇ, ಕಳಿಸಿದ ವಿಳಾಸ, ತಲುಪೋ ವಿಳಾಸ ಎರಡೂ ಒಂದೇ ಇದೆಯಲ್ಲ?"

"ಹೌದಪ್ಪ. ನಮ್ಮೂರಿನ ತೆರಿಗೆನೇ ಹಾಕಿದೀನಿ, ಈ ಸಲ ಸರಿಯಾಗಿದೆ" ಎಂದರು ಮಾಮ. "ಬಾ, ಒಂದು ಗಳಿಗೆ ಕೂತು ಹೋಗು."

"ಇನ್ನೂ ತುಂಬಾ ಮನೆ ಇದೆ ಯಜಮಾನ್ರೇ" ಎನ್ನುತ್ತ ಅವನು ಸಹಿ ಹಾಕಿಸಿಕೊಂಡು ಹೊರಟುಹೋದ.