ತಾರಸಿಯ ಮೇಲೆ ಉಕ್ಕು

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರೆ. ಈ ಕ್ಷೌರಿಕ ಮಹಾರಾಯ ಕುಲುಮೆಯನ್ನೇ ಬಿಟ್ಟುಕೊಂಡಿದ್ದ. ತಾನೇ ಕರಗಿಸಿದ ಉಕ್ಕಿನ ಕತ್ತಿಯಿಂದ ಗಿರಾಕಿಗಳ ಗಡ್ಡ ಹೆರೆಯಬೇಕೆಂಬ ಹುಚ್ಚು ಅವನಿಗೆ. ಬಟ್ಟೆ ಒಣಗಿಸುವ ತಾರಸಿಯ ಮೇಲೆ ಇಟ್ಟಿಗೆಯ ಗೂಡು ಕಟ್ಟಿ, ಅಂಗಡಿಯ ಹೇರ್ ಡ್ರೈಯರಿನಿಂದ ಗಾಳಿ ಊದಿಸುತ್ತಿದ್ದ. ಆದರೆ ಈವರೆಗೆ ಹುಟ್ಟಿದ ಗಟ್ಟಿಗಳೆಲ್ಲ ನೆಲಕ್ಕೆ ಬಿದ್ದೊಡನೆ ಬಿಸ್ಕತ್ತಿನಂತೆ ಪುಡಿಯಾಗಿದ್ದವು.

ಒಗೆದ ಬಟ್ಟೆಗೆಲ್ಲ ಮಸಿ ಹಿಡಿದು ಹೆಂಡತಿಗೆ ಸಾಕಾಗಿತ್ತು. ಇವತ್ತಿನದೂ ಒಡೆದರೆ ಗೂಡನ್ನು ಕಿತ್ತೆಸೆಯುವುದೇ ಸೈ ಎಂದು ಹೇಳಿ, ತಾನೇ ಮೇಲೆ ಬಂದು ಬಕೆಟ್ ಬೋರಲು ಹಾಕಿ ಕೂತಳು. ಅಕ್ಕಪಕ್ಕದವರು ಬಂದು ಹಲ್ಲು ಕಿರಿಯಬಾರದೆಂದು ಅವನು ತಾರಸಿಯ ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಅದೇ ಜೇಬಿನಲ್ಲಿ ಅವನ ಅಯಸ್ಕಾಂತವೂ ಇತ್ತು. ಅದಕ್ಕೆ ಅಂಟಿದ್ದೆಲ್ಲ ಲೋಹ ಕರಗಿಸುವ ಮೂಸೆಗೆ ಎಂಬುದು ಅವನ ಶಾಸ್ತ್ರ. ಅಯಸ್ಕಾಂತವನ್ನು ಮೊಳೆಗಳ ಮೇಲೆ ಆಡಿಸಿ, ಅಂಟಿದ್ದನ್ನೆಲ್ಲ ಮಣ್ಣಿನ ಮೂಸೆಗೆ ಒರೆಸಿ ಹಾಕಿ, ಅದರ ಬಾಯಿಗೆ ಮಣ್ಣು ಮೆತ್ತಿ ಬೆಂಕಿಗಿಟ್ಟ.

ಸಂಜೆಗೆ ಮೂಸೆ ಒಡೆದಾಗ ಗೆಣಸಿನಷ್ಟು ದೊಡ್ಡ ಕರಿ ಗಟ್ಟಿ ಸಿಕ್ಕಿತು. ಅದನ್ನು ನೆಲಕ್ಕೆ ಹಾಕಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಅದು ಆರಿದ ಮೇಲೂ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ನಿಂತ. ಹಸಿವಾಗುತ್ತಿದೆ, ಮೊದಲು ಬಾಗಿಲು ತೆಗೆಯಿರಿ ಎಂದಳು ಅವಳು. ಜೇಬಿನಲ್ಲಿ ಕೀಲಿ ಇರಲಿಲ್ಲ. ಬೂದಿ ಕೆದಕಿದ, ಇದ್ದಿಲ ಚೀಲ ಕೊಡವಿದ, ಹೆಂಡತಿಯನ್ನೆಬ್ಬಿಸಿ ಬಕೆಟ್ಟಿನ ಅಡಿಯಲ್ಲೂ ನೋಡಿದ. ಅವಳು ಅಯಸ್ಕಾಂತವನ್ನು ನೋಡಿದಳು, ಜೇಬನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಹುಡುಕಬೇಡಿ. ಕೀಲಿ ನಿಮ್ಮ ಕಂಕುಳಲ್ಲೇ ಇದೆ."

ಬೀಗ ಒಡೆಯೋಣವೆಂದರೆ ಸುತ್ತಿಗೆ ಎಲ್ಲಿದೆ? ಅದರ ತಲೆ ಹಿಂದಿನ ಸಲ ಮೂಸೆ ಸೇರಿತ್ತು, ಹಿಡಿ ಬೆಂಕಿ ಸೇರಿತ್ತು. ಉಳಿದಿದ್ದು ಗಟ್ಟಿಯೊಂದೇ. ಅದು ಪುಡಿಯಾದರೆ ಕುಲುಮೆಯೂ ಹೋಯಿತು, ಮಾನವೂ ಹೋಯಿತು, ಊಟವೂ ಹೋಯಿತು. ಅವನಿಗೆ ಅಳುವೇ ಬಂತು. ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಗದ ಮೇಲೆ ಕುಟ್ಟಿದ. ಏನೋ ಕಳಚಿ ನೆಲಕ್ಕೆ ಬಿತ್ತು.

"ಒಡೀತಾ?" ಎಂದ, ಕಣ್ಣು ಬಿಡದೆ.

"ಬೀಗ ಒಡೀತು," ಎಂದಳು.

ಗಟ್ಟಿಯಿಂದ ಒಂದು ಚೂರೂ ಹಾರಿರಲಿಲ್ಲ. ಅವಳು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ನಗು ಕಂಡು ಅವನ ಎದೆ ಉಬ್ಬಿತು. ಕತ್ತಿಯ ಹಿಡಿಗೆ ಯಾವ ಮರ ಚೆನ್ನ ಎಂದು ಆಗಲೇ ಯೋಚನೆ ಶುರುವಾಯಿತು.

"ಗೂಡು ಇರಲಿ," ಎಂದಳು ಅವಳು. "ಹೊಸ ಬೀಗದ ಕೀಲಿ ಮಾತ್ರ ನನ್ನ ಹತ್ರ ಇರುತ್ತೆ."

ಹೊಸ ಬೀಗ ಬರುವ ತನಕ ಬಾಗಿಲು ಗಾಳಿಗೆ ಬಡಿದುಕೊಳ್ಳಬಾರದಲ್ಲ. ಅವಳು ಬಗ್ಗಿ, ಅವನ ಮೊಟ್ಟಮೊದಲ ಉಕ್ಕನ್ನು ಅದಕ್ಕೆ ಒತ್ತುಕೊಟ್ಟು ಊಟಕ್ಕೆ ಇಳಿದಳು.