ಗೋದಾ ಹೊರಗಾಗಿದ್ದ ದಿನ

ತಾತನ ಶ್ರಾದ್ಧದ ದಿನವೇ ಗೋದಾ ಹೊರಗಾದಳು. ಆರ್.ಟಿ. ನಗರದ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿರಲಿಲ್ಲ. ಮುಟ್ಟು ಪಂಚಾಂಗ ನೋಡಿಕೊಂಡು ಬರಬೇಕಿತ್ತು ಎನ್ನುವ ಹಾಗೆ ಅಜ್ಜಿ ಸುಬ್ಬಮ್ಮ ಬೆಳಗಿನಿಂದ ಗೊಣಗುತ್ತಿದ್ದರು. ನರ್ಸಿಂಗ್ ಎರಡನೇ ವರ್ಷದಲ್ಲಿದ್ದ ಮೊಮ್ಮಗಳನ್ನು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕೂರಿಸಿ, "ಬ್ರಾಹ್ಮಣರು ಊಟ ಮುಗ್ಸೋ ತನಕ ನಿನ್ ದನಿ ಒಳಗೆ ಕೇಳಿಸ್ಬಾರ್ದು" ಎಂದು ಕಟ್ಟಪ್ಪಣೆ ಮಾಡಿದ್ದರು.

ಅಲ್ಲಿಂದ ಅಡುಗೆಮನೆಯ ಹಿಂಬಾಗಿಲು ಎಂಟೇ ಹೆಜ್ಜೆ. ಒಳಗೆ ಅಮ್ಮ ತುಂಗಾ ಮಡಿಯುಟ್ಟು, ಹನಿ ನೀರೂ ಕುಡಿಯದೆ ವಡೆ ಕರಿಯುತ್ತಿದ್ದಳು. ಒಲೆಯ ಮುಂದೆ ಯಾರಾದರೂ ಬೆವರುತ್ತಾರೆ. ಆದರೆ ಅಮ್ಮ ಸೌಟು ಕೆಳಗಿಟ್ಟು ದವಡೆ ಒತ್ತಿಕೊಂಡಳು, ಎಡತೋಳು ನೀವಿಕೊಂಡಳು, ಓಕರಿಕೆ ತಡೆದುಕೊಂಡಳು. ಮುಖ ಬಿಳಿಚಿಕೊಂಡಿತ್ತು. ಹಾರ್ಟ್ ಅಟ್ಯಾಕ್ ಆದವರೆಲ್ಲ ಎದೆ ಹಿಡಿದುಕೊಂಡೇ ಬೀಳುವುದಿಲ್ಲ, ಹೆಂಗಸರನ್ನಂತೂ ಇನ್ನೂ ಹುಷಾರಾಗಿ ನೋಡಬೇಕು ಎಂದು ಹೋದ ತಿಂಗಳಷ್ಟೇ ವಾರ್ಡಿನ ಸಿಸ್ಟರ್ ಹೇಳಿದ್ದರು.

"ಅಮ್ಮಾ, ಎದೆ ನೋಯ್ತಿದ್ಯಾ?"

"ನೋವಲ್ಲ ಕಣೇ, ಭಾರ. ಒರಳುಕಲ್ಲು ಇಟ್ಟಂಗಿದೆ. ಸುಮ್ನಿರು, ಒಳಗೆ ಕೇಳಿಸತ್ತೆ."

ಸುಬ್ಬಮ್ಮ ಇಣುಕಿದರು. "ಖಾಲಿ ಹೊಟ್ಟೆ, ವಾಯು ಅಷ್ಟೆ. ಆಮೇಲೆ ಓಮದ ಕಷಾಯ ಕೊಟ್ರಾಯ್ತು."

"ವಾಯು ಅಲ್ಲ ಅಜ್ಜಿ, ಹಾರ್ಟು. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು. ಇ.ಸಿ.ಜಿ. ತೆಗೀತಾರೆ, ನಾಲಗೆ ಕೆಳಗೆ ಮಾತ್ರೆ ಇಡ್ತಾರೆ, ಬೇಕಾದ್ರೆ ಆಕ್ಸಿಜನ್ ಕೊಡ್ತಾರೆ. ತಡ ಮಾಡಿದ್ರೆ ಜೀವಕ್ಕೇ ಅಪಾಯ."

"ಬಾಯ್ಮುಚ್ಚೇ! ಪಿತೃಗಳು ಬಂದು ಕೂತಿರೋ ಹೊತ್ತು."

ಅಪ್ಪ ಉಪೇಂದ್ರ ನಡುಮನೆಯಲ್ಲಿ ಬೆರಳಿಗೆ ದರ್ಭೆ ಹಾಕಿಕೊಂಡು ಕೂತಿದ್ದ. ನಡುವೆ ಎದ್ದರೆ ಕರ್ಮ ಕೆಡುತ್ತದೆ. ಅಮ್ಮ ಒಲೆ ಬಿಟ್ಟರೆ ಶ್ರಾದ್ಧ ನಿಲ್ಲುತ್ತದೆ. ಗೋದಾ ಹೊಸಿಲು ದಾಟಿದರೆ ಮಾಡಿದ ಅಡುಗೆಯೆಲ್ಲ ಮೋರಿಗೆ. ಹಗ್ಗವಿಲ್ಲದೆಯೇ ಎಲ್ಲರನ್ನೂ ಕಟ್ಟಿಹಾಕಿದ್ದ ಮನೆ ಅದು. ಸತ್ತವರ ತೃಪ್ತಿಗೆ ಬದುಕಿರುವವಳು ಹೋಗಬೇಕೆ ಎಂದು ಗೋದಾಳಿಗೆ ಉರಿದುಹೋಯಿತು. ಅದರ ಜೊತೆಗೇ ಅಳುಕು: ನಿಜವಾಗಿಯೂ ವಾಯುವೇ ಆಗಿದ್ದರೆ? ಜನ್ಮವಿಡೀ ಮಾತು ಕೇಳಬೇಕು.

ಅಷ್ಟರಲ್ಲಿ ತುಂಗಾ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ಗೋದಾ ಓಡಿದಳು. ಅಮ್ಮ ಕೈ ಎತ್ತಿ ತಡೆದಳು.

"ಬರ್ಬೇಡ. ಇನ್ನೊಂದ್ ಗಂಟೆ ಕಣೇ, ಅವರ ಊಟ ಆಗ್ಬಿಡ್ಲಿ."

"ಒಂದ್ ಗಂಟೆ ನೀನಿರ್ತೀಯೋ ಇಲ್ವೋ ನಂಗೊತ್ತಿಲ್ಲಮ್ಮ."

ಹೇಳಿದ್ದೇ ತಡ, ಗೋದಾಳಿಗೆ ಅಳು ಬಂತು. ಆದರೂ ಕಾಲು ಹೊಸಿಲ ಹೊರಗೇ ನಿಂತುಬಿಟ್ಟಿತು. ಎಷ್ಟೋ ವರ್ಷದ ಅಭ್ಯಾಸ, ಬಿಡು ಎಂದರೆ ಬಿಡುವುದಿಲ್ಲ.

ತುಂಗಾ ಮಗಳ ಮುಖವನ್ನೇ ನೋಡಿದಳು. ತಡೆಯಲೆಂದು ಎತ್ತಿದ ಕೈ ಹಾಗೇ ಮುಂದೆ ಬಂದು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಅಯ್ಯೋ, ಮುಟ್ಬಿಟ್ಯಲ್ಲೇ ಪಾಪಿ!" ಎಂದು ಸುಬ್ಬಮ್ಮ ಕೂಗಿಕೊಂಡರು. ನಡುಮನೆಯಲ್ಲಿ ಮಂತ್ರ ನಿಂತಿತು.

"ಅವಳಲ್ಲ ಅತ್ತೆ, ನಾನೇ ಮುಟ್ಟಿದ್ದು" ಎಂದಳು ತುಂಗಾ. "ಆಟೋ ಕರೆಸಿ. ನಾನ್ ಬದುಕ್ಬೇಕು."